ಕಾಲು ಸುತ್ತು ಸಡಿಲ

ಶ್ರೀರಂಗಪಟ್ಟಣದ ಪಾತ್ರೆ ಅಂಗಡಿಯೊಂದರ ಮುಂದೆ ಕೂತು ನಾನು ಹೆಸರು ಕೆತ್ತುತ್ತಿದ್ದೆ. ಹೈಸ್ಕೂಲು ಮುಗಿಸಿ ಉಳಿ ಹಿಡಿದ ಮೇಲೆ, ಒಂದು ಅಕ್ಷರ ಸೊಟ್ಟಗಾಗಿದೆ ಎಂದು ಯಾರಿಂದಲೂ ಹೇಳಿಸಿಕೊಂಡವನಲ್ಲ. ಆ ಹೆಮ್ಮೆಯೇ ನನ್ನನ್ನು ಕೆಡಿಸಿತು.

ಕೆಲವು ವರ್ಷಗಳ ಹಿಂದೆ ಹೊಣಕೆರೆ ಕಡೆಯ ಯಜಮಾನರೊಬ್ಬರು ಮುತ್ತಾತನ ಕಾಲದ ಮದ್ದಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿ ತಂದರು. ಬೆಂಕಿಕಲ್ಲು ಕಚ್ಚಿಕೊಂಡು ಬಡಿಯುವ ಭಾಗಕ್ಕೆ ಕುದುರೆ ಎನ್ನುತ್ತಾರೆ. ಅದನ್ನು ಹಿಡಿದಿದ್ದ ತಿರುಪು ತುಕ್ಕು ತಿಂದು ಮುರಿದಿತ್ತು. ಕುದುರೆಯ ಮೈಮೇಲೆ ಬಳ್ಳಿಯ ಕೆತ್ತನೆ. ಬಳ್ಳಿಯ ತುದಿಯ ಹೂವು ಇದ್ದದ್ದು ಆ ತಿರುಪಿನ ತಲೆಯ ಮೇಲೆ.

"ಗ್ವಾಡೆಗೆ ನೇತಾಕಕ್ಕೆ ಕಣ್ಲಾ. ಊವು ಚೆಂದಾಗಿ ಬರ್ಬೇಕು."

ಪಾಂಡವಪುರದ ಲೇತಿನಲ್ಲಿ ಹೊಸ ತಿರುಪು ಮಾಡಿಸಿದೆ. ಅದನ್ನು ಪೂರ್ತಿ ಬಿಗಿಸಿ, ಗುರುತು ಮಾಡಿಕೊಂಡು, ಆಮೇಲೆ ಕೆತ್ತಬೇಕಿತ್ತು. ನನ್ನದು ಪಾತ್ರೆ ಕೆತ್ತುವವನ ಬುದ್ಧಿ, ಮೊದಲೇ ಹೂವು ಕೆತ್ತಿಬಿಟ್ಟೆ. ಪಾತ್ರೆ ತಿರುಗುವುದಿಲ್ಲ, ತಿರುಪು ತಿರುಗುತ್ತದೆ. ಬಿಗಿಸಿದಾಗ ಹೂವಿನ ತೊಟ್ಟು ಬಳ್ಳಿಯನ್ನು ಬಿಟ್ಟು ಪಕ್ಕಕ್ಕೆ ಹೋಯಿತು. ಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆ, ಬಳ್ಳಿ ಕೂಡಿಕೊಂಡಿತು. ಕುದುರೆ ಮಾತ್ರ ಬೆರಳಿಗೆ ಒಂದಿಷ್ಟು ಅಲ್ಲಾಡಿತು. ಗೋಡೆಯ ಮೇಲಿರುವುದಕ್ಕೆ ಏನಂತೆ ಎಂದುಕೊಂಡು, "ಭದ್ರವಾಗದೆ" ಎಂದು ಕೊಟ್ಟುಬಿಟ್ಟೆ.

ಆಯುಧಪೂಜೆಯ ಹಿಂದಿನ ದಿನ ಅವರ ಫೋನು ಬಂತು. "ನಾಳೀಕೆ ಬಾ. ಮದ್ದಾಕಿ ಒಂದ್ ಕಿತ ಡಮ್ಮನ್ನಿಸ್ಬುಡ್ತೀನಿ!"

ಸಡಿಲ ಕುದುರೆ ಏರಿಸಿದರೆ ಟ್ರಿಗರ್ ಒತ್ತುವ ಮೊದಲೇ ಬಿದ್ದು ಮದ್ದು ಹೊತ್ತಿಸಬಹುದು. ಬೇಡಿ ಎನ್ನಬೇಕಿತ್ತು. ಎಂದರೆ ಕಾರಣ ಹೇಳಬೇಕಿತ್ತು. "ಬರ್ತೀನಿ" ಎಂದೆ.

ನಾಗಮಂಗಲದ ಬಸ್ಸು ನಿಂತಲ್ಲೆಲ್ಲ ಗಡಿಯಾರ ನೋಡಿಕೊಂಡೆ. ಅವರು ಆಗಲೇ ಸಿಡಿಸಿಬಿಟ್ಟಿದ್ದರೆ? ಮನೆ ತಲುಪಿದಾಗ ಅಂಗಳದಲ್ಲಿ ಟ್ರಾಕ್ಟರು, ನೇಗಿಲು, ಮಚ್ಚುಗಳ ಪಕ್ಕ ಬೆಂಚಿನ ಮೇಲೆ ಕೋವಿ ಮಲಗಿತ್ತು, ಚೆಂಡುಹೂ ಮುಡಿದು. ಕುದುರೆಯನ್ನು ಹಿಂದಕ್ಕೆಳೆದು ಏರಿಸಿಟ್ಟಿದ್ದರು.

"ಮದ್ದಾಕಿ ರೆಡಿ ಮಡಗೀವ್ನಿ," ಎಂದರು ಯಜಮಾನರು. ಅವರ ಹೆಂಡತಿ ಆರತಿ ತಟ್ಟೆ ಹಿಡಿದು ನಳಿಗೆಯ ಬಾಯಿಯ ನೇರಕ್ಕೇ ಬಾಗಿದ್ದರು.

ನಾನು ಓಡಿಹೋಗಿ ಕೋವಿಯನ್ನು ಎತ್ತಿ, ಬಾಯಿಯನ್ನು ಆಕಾಶಕ್ಕೆ ತಿರುಗಿಸಿದೆ. ಇಳಿಸಲು ಹೋದ ಹೆಬ್ಬೆರಳು ಮುಟ್ಟುವ ಮೊದಲೇ ಕುದುರೆ ತಾನಾಗಿ ಬಡಿಯಿತು. ಬೆಂಕಿ, ಹೊಗೆ, ಸದ್ದು. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು.

ಜನ ಚಪ್ಪಾಳೆ ಹೊಡೆದರು.

"ನನ್ಗಿಂತ ಮುಂಚೆ ನೀನೇ ಒಡ್ದುಬುಟ್ಯಲ್ಲೋ, ಕಳ್ ನನ್ಮಗ್ನೆ!" ಯಜಮಾನರು ಬೆನ್ನು ತಟ್ಟಿ ನಕ್ಕರು.

"ನನ್ ಕಿವಿನೇ ಓಯ್ತು ಕಣಣ್ಣೋ," ಎಂದು ಆಕೆಯೂ ನಕ್ಕರು.

ನಾನು ಟ್ರಿಗರ್ ಮುಟ್ಟಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತಿತ್ತು.

ಮಸಿ ಒರೆಸುತ್ತೇನೆಂದು ಕೋವಿಯನ್ನು ಜಗಲಿಗೆ ಒಯ್ದು, ತಿರುಪನ್ನು ಕೊನೆಯವರೆಗೂ ಬಿಗಿಸಿದೆ. ಯಜಮಾನರು ಬಗ್ಗಿ ನೋಡಿದರು.

"ಊವು ಸೊಟ್ಟಗಾಯ್ತಲ್ಲೋ?"

"ಅಂಗೇ ಇರ್ಲಿ ಬುಡಿ. ಅದೇ ಸರಿ."

ಆ ತಾಯಿ ಆರತಿ ತಟ್ಟೆಯನ್ನು ಮೊದಲು ನನ್ನ ಮುಂದೆಯೇ ಹಿಡಿದರು. ದೀಪದ ಮೇಲೆ ಚಾಚಿದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡೆ, ಆ ಬೀಸಿಗೆ ದೀಪ ಆರಿಹೋಯಿತು. ಗಾಳಿ ಎಂದುಕೊಂಡು ಆಕೆ ಮತ್ತೆ ಹಚ್ಚಿದರು.