ಅಮ್ಮಿಯ ಬಾಜುವಿನ ಜಾಗ

ಉಸುಕಿನ ಅಚ್ಚಿನಲ್ಲಿ ಕಬ್ಬಿಣ ಹೊಯ್ಯುವ ಫೌಂಡ್ರಿ ಕೆಲಸದಿಂದ ಅಬ್ಬಾ ನಿವೃತ್ತರಾದಾಗ ನಮ್ಮ ಬೆಳಗಾವಿಯಲ್ಲಿ ನಿವೃತ್ತರಾದವರೆಲ್ಲ ಶಿವಬಸವ ನಗರದ ಕಡೆ ಪ್ಲಾಟು ನೋಡುತ್ತಿದ್ದರು. ಕಾಕತಿಯ ಹತ್ತಿರ ಅಗ್ಗಕ್ಕೆ ಸಿಗುತ್ತದೆ ಎಂದು ಒಬ್ಬರು, ಖಾನಾಪುರದ ಹವೆ ಒಳ್ಳೆಯದು ಎಂದು ಇನ್ನೊಬ್ಬರು ಮನೆಗೆ ಬಂದು ಹೇಳಿ ಹೋಗುತ್ತಿದ್ದರು. ಅಬ್ಬಾ ಎಲ್ಲರಿಗೂ ಚಹಾ ಕೊಟ್ಟು, ಪೂರ್ತಿ ಕೇಳಿಸಿಕೊಂಡು, ಕೊನೆಗೆ, "ನಾ ಮದೀನಾದಾಗ ಒಂದು ಖೋಲಿ ತೊಗೊಂಡು ಇರಾಂವ" ಎನ್ನುತ್ತಿದ್ದರು.

ಮೊದಲು ಎಲ್ಲರೂ ಅದನ್ನು ಹಜ್‌ ಯಾತ್ರೆಯ ಮಾತೆಂದುಕೊಂಡರು. ಅದು ಹೋಗಿ ಬರುವ ಮಾತಾಗಿರಲಿಲ್ಲ. ಹೋಗಿ, ಅಲ್ಲೇ ಇದ್ದು, ಅಲ್ಲೇ ಮಣ್ಣಾಗುವ ಮಾತಾಗಿತ್ತು.

ಆ ಮನೆಯಲ್ಲಿ ಇದ್ದವರು ಅಬ್ಬಾ, ನಾನು ಮತ್ತು ನನ್ನ ಗಂಡ. ಅಮ್ಮಿ ತನ್ನ ತವರಾದ ಖಾನಾಪುರಕ್ಕೆ ಹೋದಾಗ ಜ್ವರ ಬಂದು ತೀರಿಕೊಂಡಿದ್ದಳು. ಅಲ್ಲಿಯ ಕಬರಸ್ತಾನದಲ್ಲೇ ಅವಳನ್ನು ಮಣ್ಣು ಮಾಡಿದ್ದೆವು. ನಮ್ಮ ಮನೆಮಾತು ಉರ್ದು. ಆದರೆ ನಾನು ಕಲಿತದ್ದು ಕನ್ನಡ ಸಾಲಿಯಲ್ಲಿ, ಅದೂ ಏಳನೆಯ ಇಯತ್ತೆಯವರೆಗೆ. ಅದಕ್ಕೇ ಅಬ್ಬಾನ ಮಾತನ್ನೂ ನಮ್ಮ ಓಣಿಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇಷ್ಟು ವಯಸ್ಸಾದ ಮೇಲೆ ಗೊತ್ತಿಲ್ಲದ ದೇಶಕ್ಕೆ ಯಾಕೆ ಹೋಗಬೇಕು ಎಂದು ಕೇಳದವರಿಲ್ಲ. ಅಬ್ಬಾ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದರು. ಡಾಕ್ಟರರಿಗೆ, ಬೆಳಗಾವಿ ಮಳೆ ನನ್ನ ದಮ್ಮಿಗೆ ಆಗೂದಿಲ್ಲ ಎಂದರು. ಫೌಂಡ್ರಿಯ ಗೆಳೆಯರಿಗೆ, ಹಿಂದಿನ ಹಿರಿಯರು ಹೋದವರು ಅಲ್ಲೇ ಉಳಿಯುತ್ತಿದ್ದರಂತೆ ಎಂದು ತಮ್ಮ ಅಜ್ಜನ ಕಾಲದ ಕಥೆ ಹೇಳಿದರು. ಎದುರು ಮನೆಯ ಕಾಕು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕಟ್ಟೆಗೆ ಬಂದು ಕೂಡುತ್ತಿದ್ದ ಹೆಂಗಸು ಅವಳು.

"ಅಣ್ಣಾರ, ಇಡೀ ಜನ್ಮ ಫೌಂಡ್ರಿ ಉಸುಕಿನಾಗ ಕಳದ್ರಿ. ಸಾಲಲಿಲ್ಲೇನ್ರಿ? ಅಲ್ಲೂ ಬರೇ ಉಸುಕಂತ."

"ಅಲ್ಲಿ ಭಟ್ಟಿ ನಾವು ಹಚ್ಚೂದು ಬ್ಯಾಡವ್ವಾ. ಬಿಸಿಲಽ ಹಚ್ಚತೈತಿ."

"ಮತ್ತ ನಿಮಗ ಜ್ವಾಳದ ರೊಟ್ಟಿ ಬಡದು ಕೊಡಾವ್ರು ಯಾರು?"

"ಹಸಿವಿ ಆದ್ರ ನಿಮ್ಮ ಹೆಸರು ತೊಗೊಂಡು ಕೂಗತೇನಿ. ಬರ್ರಿ."

ಕಾಕು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ನಗಲಿಲ್ಲ. ಅವರು ಒಳಗೆ ಬಂದ ಮೇಲೆ, ಖರೇ ಕಾರಣ ಏನು ಎಂದು ಕೇಳಿದೆ. ಅಬ್ಬಾ ಬಹಳ ಹೊತ್ತು ಚಪ್ಪಲಿಯ ಮಣ್ಣು ಒರೆಸಿದರು.

"ಇಲ್ಲೇ ಸತ್ರ ನಿಮ್ಮ ಅಮ್ಮಿ ಬಾಜು ಮಲಗತೇನಿ, ಅಷ್ಟಽ. ಅಲ್ಲಿ ಮಣ್ಣಾದಾಂವ ತನ್ನವ್ರ ಸಲುವಾಗಿ ಅಲ್ಲಾಹನ ಹತ್ರ ಬೇಡ್ಕೋಬಹುದಂತ ಬೇಟಾ. ಆಕಿ ಇದ್ದಾಗ ನಾ ಆಕಿ ಸಲುವಾಗಿ ಏನೂ ಬೇಡ್ಕೊಂಡಾಂವ ಅಲ್ಲ."

ನಾನು ಅವರ ಅಂಗಿಗಳನ್ನು ಮಡಚಿಡಲು ಕೂತೆ.

ಹಜ್‌ ಯಾತ್ರಿಕರ ಜೊತೆ ಹೊರಡುವ ಮೊದಲು ಅಬ್ಬಾ ನನ್ನನ್ನು ಕರೆದುಕೊಂಡು ಖಾನಾಪುರಕ್ಕೆ ಹೋದರು. ಅಲ್ಲಿ ಮಾಮು, ಅಂದರೆ ಅಮ್ಮಿಯ ಅಣ್ಣ, ಇದ್ದರು. ಅಮ್ಮಿಯ ಒಂದು ಬದಿಗೆ ಅವಳ ತಾಯಿಯ ಕಬರ್‌ ಇತ್ತು. ಇನ್ನೊಂದು ಬದಿಯ ಜಾಗ ಅಬ್ಬಾನದು. ಅದು ಯಾರೂ ಬರೆದುಕೊಟ್ಟದ್ದಲ್ಲ. ಅಮ್ಮಿಯನ್ನು ಮಣ್ಣು ಮಾಡಿದ ದಿನ ಅಬ್ಬಾ ಅಲ್ಲೊಂದು ಕಲ್ಲು ಊರಿ ಬಂದಿದ್ದರು, ಊರವರು ಅದನ್ನು ಮನ್ನಿಸಿದ್ದರು. ನಮ್ಮಲ್ಲಿ ಹೆಂಗಸರು ಕಬರಸ್ತಾನದ ಒಳಗೆ ಹೋಗುವುದಿಲ್ಲ. ನಾನು ಗೋಡೆಯ ಹೊರಗೆ ನಿಂತು ನೋಡಿದೆ. ಅಬ್ಬಾ ಬಗ್ಗಿ, ಆ ಕಲ್ಲನ್ನು ಎರಡೂ ಕೈಯಿಂದ ಅಲುಗಾಡಿಸುತ್ತಿದ್ದರು.

"ಭಾವಾ, ತಲಿ ಕೆಟ್ಟೈತೇನು?" ಮಾಮು ಓಡಿಬಂದರು. "ಕಲ್ಲೇನು ನಿಮಗ ಊಟಾ ಕೇಳತೈತಿ? ಇರ್ಲಿ ಬಿಡ್ರಿ."

"ಇರಬಾರ್ದು. ಇಲ್ಲೊಂದು ಜಾಗಾ ಹಿಡದಿಟ್ಟು ಅಲ್ಲಿ ಹೋದ್ರ, ಹೋದಂಗ ಅಲ್ಲ. ಹಿತ್ತಲ ಬಾಗಲಾ ತೆರದಿಟ್ಟು ಹೊಂಟಂಗ ಆಗತೈತಿ."

"ಮತ್ತ ಈ ಜಾಗಾ?"

"ಯಾರಿಗೆ ಮೊದಲು ಬೇಕಾಗತೈತೋ ಅವ್ರಿಗೆ. ನಾ ಬಿಟ್ಟೇನಿ."

"ಹಂಗಾದ್ರ ನಾನಽ ಬಂದು ಮಲಗತೇನಿ ನೋಡ್ರಿ. ತಂಗಿ ಬಾಜು. ಆಮ್ಯಾಲ ಬಂದು ಏಳು ಅನ್ನಬ್ಯಾಡ್ರಿ," ಎಂದು ಮಾಮು ನಕ್ಕರು. ಅಬ್ಬಾ ಕಲ್ಲು ಕಿತ್ತು, ಎದೆಗೆ ಆನಿಸಿಕೊಂಡು ತಂದು ಗೋಡೆಯ ಬುಡಕ್ಕೆ ಹಾಕಿದರು. ಉಸಿರು ಬಿಡುತ್ತಾ ನನ್ನ ಕಡೆ ನೋಡಿದರು. ಅವರ ಅಂಗಿಗೆಲ್ಲ ಕೆಂಪು ಮಣ್ಣು ಹತ್ತಿತ್ತು.

ಹಜ್‌ಗೆ ಹೋಗುವವರು ಬಂಧು ಬಳಗದವರ, ನೆರೆಯವರ ಹತ್ತಿರ ಹೋಗಿ, ಆಡಿದ ಮಾತು, ಮಾಡಿದ ತಪ್ಪು ಮಾಫ್‌ ಮಾಡಿರೆಂದು ಕೇಳಿಕೊಂಡು ಹೋಗುವ ರೂಢಿ ನಮ್ಮದು. ಬಹಳ ಜನ ಅದನ್ನು ಹಾರ ಹಾಕಿಸಿಕೊಳ್ಳುವಾಗಲೇ ಮುಗಿಸಿಬಿಡುತ್ತಾರೆ. ಅಬ್ಬಾ ಹಾಗೆ ಮಾಡಲಿಲ್ಲ. ಮನೆ ಮನೆಗೆ ಹೋಗಿ, ಎಂದೋ ಜಗಳವಾಡಿದ್ದನ್ನು ತಾವೇ ನೆನಪಿಸಿ, ಮಾಫ್‌ ಕೇಳಿದರು. ಸೈಕಲ್ಲನ್ನು ಫೌಂಡ್ರಿಯ ಗೆಳೆಯನಿಗೆ ಕೊಟ್ಟರು. ಮಂಚ, ಛತ್ರಿ, ಚಳಿಗಾಲದ ಕೋಟು, ಎಲ್ಲವೂ ಒಬ್ಬೊಬ್ಬರ ಮನೆಗೆ ಹೋದವು. ಕಾಕುವಿಗೆ ಅಮ್ಮಿಯ ತಾಮ್ರದ ಹಂಡೆ ಕೊಟ್ಟರು. ಅವಳು ಅತ್ತಳು.

ಕೊನೆಯ ಸರದಿ ನನ್ನದು. "ಮಾಫ್‌ ಮಾಡೀನಿ ಅನ್ನು ಬೇಟಾ," ಎಂದರು. ನಾನು ಅಂದೆ. ಸ್ಟೇಷನ್ನಿನಲ್ಲಿ ಮುಂಬಯಿಯ ರೈಲು ಹೊರಟಾಗ ಎಲ್ಲರೂ ಕೈ ಬೀಸಿದರು. ಅಬ್ಬಾ ಬೀಸಲಿಲ್ಲ. ಆಗಲೇ ಹೋಗಿಬಿಟ್ಟವರ ಹಾಗೆ ಕೂತಿದ್ದರು.

ಆಗ ಹಜ್‌ಗೆ ಮುಂಬಯಿಯಿಂದ ಜಹಾಜಿನಲ್ಲಿ ಹೋಗುತ್ತಿದ್ದರು. ಅಬ್ಬಾ ಇನ್ನೂ ಸಮುದ್ರದ ಮೇಲಿರುವಾಗಲೇ ಖಾನಾಪುರದಲ್ಲಿ ಮಾಮು ತೀರಿಕೊಂಡರು. ಅಂಗಳದಲ್ಲಿ ಕೂತವರು ಎದೆ ಹಿಡಿದುಕೊಂಡು ವಾಲಿದರಂತೆ. ಅಮ್ಮಿಯ ಬಾಜುವಿನ ಜಾಗ ಖಾಲಿ ಇತ್ತು. ಅಬ್ಬಾ ಬಿಟ್ಟುಕೊಟ್ಟದ್ದು ಊರಿಗೆಲ್ಲ ಗೊತ್ತಿತ್ತು. ಅಲ್ಲೇ ಮಣ್ಣು ಮಾಡಿದರು. ನಾನು ಅದೇ ಗೋಡೆಯ ಹೊರಗೆ ನಿಂತು ನೋಡಿದೆ. ಅಬ್ಬಾ ಇನ್ನು ಬರುವವರಲ್ಲವಲ್ಲ ಎಂದುಕೊಂಡೆ.

ಅಬ್ಬಾ ಬಂದರು.

ಹಜ್‌ ಮುಗಿದ ಮೇಲೆ ಯಾತ್ರಿಕರು ತಿರುಗಿ ಜಹಾಜು ಹತ್ತಲೇಬೇಕು, ಪರದೇಶದವರು ಅಲ್ಲಿ ಖೋಲಿ ಕೊಳ್ಳುವಂತಿಲ್ಲ ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಬ್ಬಾ ತಮ್ಮ ಅಜ್ಜನ ಕಾಲದ ಕಥೆಯನ್ನು ನಂಬಿ ಹೋಗಿದ್ದರು. ಅಲ್ಲಿ ಒಬ್ಬ ಅಧಿಕಾರಿ, ಎಲ್ಲ ಮುದುಕರೂ ಇದನ್ನೇ ಕೇಳುತ್ತಾರೆ ಎಂದನಂತೆ. ಅಬ್ಬಾ ತಂದದ್ದು ಒಂದೇ ಗಂಟು. ಅದರಲ್ಲಿ ಮಕ್ಕಾದ ಝಮ್‌ಝಮ್‌ ಬಾವಿಯ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿಯ ಬಟ್ಟೆ ಇತ್ತು, ತಾವು ಸತ್ತಾಗ ಹೊದಿಸುವ ಕಫನ್‌ಗೆಂದು.

ನಾನು ಅವರ ಕೈ ಹಿಡಿದು ಕೂಡಿಸಿ, ಮಾಮು ತೀರಿಕೊಂಡದ್ದನ್ನು ಹೇಳಿದೆ. ಎಲ್ಲಿ ಮಣ್ಣು ಮಾಡಿದಿರಿ ಎಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿದರು, ತಿಳಿದುಕೊಂಡರು.

"ಛಲೋ ಆತು. ಅಣ್ಣಾ ತಂಗಿ," ಎಂದರು.

ಮರುದಿನ ಫೌಂಡ್ರಿಯ ಗೆಳೆಯ ಸೈಕಲ್‌ ತಳ್ಳಿಕೊಂಡು ಬಂದ. ಅಬ್ಬಾ ತೆಗೆದುಕೊಳ್ಳಲಿಲ್ಲ. ಕಾಕು ಹಂಡೆ ತಂದಿಟ್ಟಳು. ಅದನ್ನೂ ತಿರುಗಿ ಕಳಿಸಿದರು. ಅವಳು ಮನಸ್ಸು ಹಗುರ ಮಾಡಲೆಂದು, "ಅಣ್ಣಾರ, ಮಾಫಿ ಎಲ್ಲಾ ಮುಗದೈತಿ. ಇನ್ನ ಹೊಸಾ ಜಗಳಾ ಸುರು ಮಾಡೂಣೇನ್ರಿ?" ಎಂದಳು. ಅಬ್ಬಾ ಅವಳಿಗೆ ಸಲಾಮು ಮಾಡಿ ಒಳಗೆ ಹೋದರು.

ಆಮೇಲೆ ಅವರು ಯಾರೊಡನೆಯೂ ಜಗಳವಾಡಲಿಲ್ಲ. ನನ್ನನ್ನೂ ಬೈಯಲಿಲ್ಲ. ನಾನು ಸಾರಿಗೆ ಉಪ್ಪು ಹಾಕಲು ಮರೆತರೂ ಸುಮ್ಮನೆ ಉಣ್ಣುತ್ತಿದ್ದರು. ತಮ್ಮದೇ ಮನೆಯಲ್ಲಿ ಬಾಗಿಲ ಹತ್ತಿರ ಚಾಪೆ ಹಾಕಿ ಮಲಗುತ್ತಿದ್ದರು. ನೀರು ಬೇಕಾದರೂ ಬೀಗರ ಮನೆಯಲ್ಲಿ ಕೇಳುವ ಹಾಗೆ ಕೇಳುತ್ತಿದ್ದರು. ಎಲ್ಲರಿಂದ ಬೀಳ್ಕೊಂಡಿದ್ದ ಮನುಷ್ಯನಿಗೆ ಮತ್ತೆ ಅದೇ ಜನರ ನಡುವೆ ಇರುವುದು ಹೇಗೆಂದು ಗೊತ್ತಾಗಲಿಲ್ಲ. ನಮಗೂ ಗೊತ್ತಾಗಲಿಲ್ಲ.

ಮಳೆಗಾಲದಲ್ಲಿ ದಮ್ಮು ಹೆಚ್ಚಾಯಿತು. ಖಾನಾಪುರದಲ್ಲಿ, ಅಮ್ಮಿಯ ಸಾಲಿನಲ್ಲಲ್ಲದಿದ್ದರೂ ಹತ್ತಿರದಲ್ಲಿ ಎಲ್ಲಾದರೂ ಜಾಗ ಕೇಳೋಣವೇ ಎಂದು ನನ್ನ ಗಂಡ ಕೇಳಿದರು.

"ಬ್ಯಾಡ. ಬಾಜು ಅಲ್ಲಂದ್ರ ಎಲ್ಲಾದ್ರೇನು? ಇಲ್ಲೇ ಇಡ್ರಿ," ಎಂದರು ಅಬ್ಬಾ.

ಅವರು ತೀರಿಕೊಂಡಾಗ ಇಲ್ಲೇ, ಬೆಳಗಾವಿಯ ಕಬರಸ್ತಾನದಲ್ಲೇ ಇಟ್ಟೆವು. ಆ ಬಿಳಿಯ ಬಟ್ಟೆಯನ್ನೇ ಹೊದಿಸಿದೆವು. ಹಿಂದಿನ ಗೋಡೆಯ ಹತ್ತಿರ, ತಗ್ಗಿನಲ್ಲಿ ಎಂದು ನನ್ನ ಗಂಡ ಬಂದು ಹೇಳಿದರು. ಕಲ್ಲು ಊರಿದಿರೇನು ಎಂದು ಕೇಳಿದೆ. ಮಣ್ಣು ಹಸಿ ಇದೆ, ಮಳೆ ನಿಂತ ಮೇಲೆ ಊರಬೇಕು ಎಂದರು. ಆ ವರ್ಷ ಮಳೆ ಬೇಗ ನಿಲ್ಲಲಿಲ್ಲ. ನಿಂತ ಮೇಲೆ ಕಲ್ಲು ತೆಗೆದುಕೊಂಡು ಹೋದವರು ಕಲ್ಲಿನೊಂದಿಗೇ ತಿರುಗಿ ಬಂದರು. ತಗ್ಗಿನಲ್ಲಿ ನೀರು ಹರಿದು ಎಲ್ಲ ಸಮವಾಗಿತ್ತಂತೆ. ಯಾವುದು ಎಂದು ಅವರಿಗೆ ತಿಳಿಯಲಿಲ್ಲ.

ಖಾನಾಪುರಕ್ಕೆ ಹೋದರೆ ನಾನು ಈಗಲೂ ಗೋಡೆಯ ಹೊರಗೆ ನಿಲ್ಲುತ್ತೇನೆ. ಅಮ್ಮಿ ಕಾಣುತ್ತಾಳೆ, ಮಾಮು ಕಾಣುತ್ತಾರೆ. ಬೆಳಗಾವಿಯಲ್ಲಿ ಯಾವ ಕಡೆ ನೋಡಿ ನಿಲ್ಲಬೇಕೋ ತಿಳಿಯದೆ ನಾನು ಇಲ್ಲಿಯ ಕಬರಸ್ತಾನದ ಗೋಡೆಯ ಹತ್ತಿರ ಹೋಗುವುದನ್ನು ಬಿಟ್ಟಿದ್ದೇನೆ.