ಮೆದೆಯಡಿ ನಾನಿಟ್ಟ ಉಂಡೆಗಳು

ನಮ್ಮೂರು ಬೂದಿಕೋಟೆಯ ಪಕ್ಕ. ರಾಗಿ ಕೊಯ್ದು ಕಣದಲ್ಲಿ ಮೆದೆ ಒಟ್ಟಿದರೆ ಸಾಕು, ಇಲಿಗಳು ಅದರೊಳಗೆ ಸಂಸಾರ ಹೂಡುತ್ತಿದ್ದವು. ಅದಕ್ಕೆ ನಾವು ಮಾಡುತ್ತಿದ್ದುದು ಒಂದೇ. ಒಕ್ಕಣೆಯ ದಿನ ಮೆದೆಯನ್ನು ಮೇಲಿಂದ ಕೀಳುತ್ತಾ ಬಂದು, ಕೊನೆಯ ವರಸೆ ಎತ್ತುವಾಗ ನಾಯಿಗಳನ್ನು ಬಿಡುವುದು. ನಮ್ಮಕ್ಕನ ಕರಿ ನಾಯಿ ಈ ಕೆಲಸದಲ್ಲಿ ಊರಿಗೇ ಮುಂದು. ಮೇಕೆ ಹಾಲು ಕುಡಿಸಿ ಅದನ್ನು ಬೆಳೆಸಿದ್ದಳು. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳೂ ಅವಳೇ.

ನಾನು ಆಗ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಕೂಲಿಗೆ ಸೇರಿದ ಹೊಸತು. ಊರಿನವರಿಗಿಂತ ಹೆಚ್ಚು ತಿಳಿದವನೆಂಬ ಜಂಬ. ಅಲ್ಲಿ ಕೂಲಿಯವರ ಲೈನು ಮನೆಗಳಲ್ಲಿ ಪಾಷಾಣದ ಉಂಡೆ ಇಟ್ಟು ಇಲಿ ಕೊಲ್ಲುವುದನ್ನು ಕಂಡಿದ್ದೆ. ರಾಬರ್ಟ್‌ಸನ್‌ಪೇಟೆಯಿಂದ ಅದನ್ನೇ ತಂದು, ಒಕ್ಕಣೆಯ ಹಿಂದಿನ ದಿನ ಯಾರಿಗೂ ಹೇಳದೆ ಮೆದೆಯಡಿ ತುರುಕಿದೆ. ಸತ್ತ ಇಲಿಗಳನ್ನು ತೋರಿಸಿ ಎಲ್ಲರಿಂದ ಶಹಭಾಷ್ ಅನ್ನಿಸಿಕೊಳ್ಳುವ ಆಸೆ. ನಾಯಿಯ ನೆನಪೇ ಬರಲಿಲ್ಲ.

ಮರುದಿನ ಇಲಿಗಳು ಓಡಲಿಲ್ಲ, ತೂರಾಡಿದವು.

"ಏನ್ಲಾ ಇದು, ಎಂಡ ಕುಡ್ದಂಗೆ ಆಡ್ತಾವೆ!" ಎಂದು ಅಪ್ಪ ನಕ್ಕರು. ಅಷ್ಟರಲ್ಲಿ ನಾಯಿ ಎರಡನ್ನು ಹಿಡಿದು ನುಂಗಿಯೇಬಿಟ್ಟಿತು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಅಷ್ಟು ಜನರ ಮುಂದೆ ಬಿಡಲಿಲ್ಲ.

ಹೊತ್ತು ಇಳಿಯುವಾಗ ನಾಯಿ ಹುಣಸೆಮರದಡಿ ಬಿದ್ದು ಜೊಲ್ಲು ಸುರಿಸುತ್ತಿತ್ತು. ಮೆದೆಯೊಳಗಿದ್ದ ಹಾವು ಕಚ್ಚಿದೆ ಎಂದುಕೊಂಡು ಅಕ್ಕ ಅದರ ಮೂತಿ, ಕಾಲುಗಳಲ್ಲೆಲ್ಲ ಹಲ್ಲಿನ ಗುರುತು ಹುಡುಕುತ್ತಿದ್ದಳು. ನಾನೂ ಕೂತು ಹುಡುಕಿದೆ. ಇಲ್ಲದ ಗಾಯವನ್ನು ಅಕ್ಕನ ಜೊತೆ ಹುಡುಕಿದೆನಲ್ಲ, ಅದು ಉಂಡೆ ಇಟ್ಟದ್ದಕ್ಕಿಂತ ದೊಡ್ಡ ತಪ್ಪು.

"ನಿನ್ ಕಣ್ಣು ಚುರುಕು, ಸರಿಯಾಗಿ ನೋಡ್ಲಾ ತಮ್ಮಾ" ಎಂದಳು ಅಕ್ಕ. ಇನ್ನು ತಡೆಯಲಾಗಲಿಲ್ಲ, ಅಳು ಬಂತು.

"ಆವಲ್ಲಕ್ಕಾ. ಪಾಷಾಣ. ಮೆದೆಗೆ ನಾನೇ ಇಟ್ಟಿದ್ದೆ."

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. "ಅಳೋದು ಆಮ್ಯಾಕೆ. ಓಗು, ಅಂಟುವಾಳ ಕಾಯಿ ತಗಂಬಾ."

ಕಾಯಿ ಕಿವುಚಿದ ನೊರೆನೀರನ್ನು ಅಕ್ಕ ನಾಯಿಯ ಬಾಯಿಗೆ ಹುಯ್ದಳು, ನಾನು ದವಡೆ ಅಗಲಿಸಿ ಹಿಡಿದೆ. ನಾಯಿ ನನ್ನ ಕೈಯನ್ನು ರಕ್ತ ಬರುವಂತೆ ಕಚ್ಚಿತು. ನಾನು ಹಿಡಿತ ಬಿಡಲಿಲ್ಲ. ಕೊನೆಗೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿತು.

ಪುಣ್ಯಕ್ಕೆ, ಪಾಷಾಣ ತಾಕಿದ್ದ ಆ ಕೊನೆಯ ವರಸೆಯನ್ನು ಇನ್ನೂ ದನಗಳಿಂದ ತುಳಿಸಿರಲಿಲ್ಲ.

"ಅದು ಇಲಿ ನಾತ ಒಡೀತದೆ ಕಣಪ್ಪಾ, ಮನೇಗೂ ಬ್ಯಾಡ, ದನಕ್ಕೂ ಬ್ಯಾಡ" ಎಂದು ಅಪ್ಪನಿಗೆ ಹೇಳಿ, ಅಕ್ಕ ಆ ತೆನೆ, ಹುಲ್ಲು, ಇಲಿ ಎಲ್ಲವನ್ನೂ ನನ್ನ ಕೈಯಲ್ಲೇ ಆಳವಾಗಿ ಹೂಳಿಸಿದಳು. ನನ್ನ ಹೆಸರು ಎತ್ತಲಿಲ್ಲ. ಸಾಯುವವರೆಗೂ ಎತ್ತಲಿಲ್ಲ.

ನಾಯಿ ಉಳಿಯಿತು. ಆದರೆ ನನ್ನ ಕೈಯಿಂದ ಮುದ್ದೆ ತಿನ್ನುವುದನ್ನು ಬಿಟ್ಟಿತು. ನಾನು ಊರಿಗೆ ಬಂದಾಗಲೆಲ್ಲ ಅಕ್ಕ ತುತ್ತನ್ನು ನನ್ನ ಕೈಗೇ ಕೊಟ್ಟು, ನನ್ನ ಕೈಯ ಕೆಳಗೆ ತನ್ನ ಅಂಗೈ ಹಿಡಿಯುತ್ತಿದ್ದಳು. "ನಮ್ಮೋನೇ ಕಣೇ, ತಿನ್ನು." ಅದು ಅವಳ ಮುಖ ನೋಡಿ, ಆಮೇಲೆ ತಿನ್ನುತ್ತಿತ್ತು.

ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ದಿನ ನೋಡುತ್ತೇನೆ, ಅಕ್ಕನ ಕೈ ಕೆಳಗಿಲ್ಲ. ನಾಯಿ ತಿನ್ನುತ್ತಿದೆ.