ಗೋದಲಿಯ ಮೇಲಿನ ಹಿಮ

ದುಬೈ ಬಂದರಿನ ಪಕ್ಕದ ಜೆಬೆಲ್ ಅಲಿಯಲ್ಲಿ ಕಿಟಕಿ ತೆರೆಯುವುದೇ ಒಂದು ಹಬ್ಬ. ಬೇಸಿಗೆಯಿಡೀ ಎ.ಸಿ.ಯ ಗೂಡಿನಲ್ಲಿ ಕೂತವರು ಡಿಸೆಂಬರಿನ ತಂಗಾಳಿಗೆ ಕಾದಿರುತ್ತಾರೆ. ನಾನು ಉಳಿದುಕೊಂಡಿರುವ ಮಂಗಳೂರಿನ ಗೆಳೆಯ ವಿಲ್ಫ್ರೆಡ್‌ನ ಮನೆಯಲ್ಲೂ ಕಿಟಕಿಗಳೆಲ್ಲ ಹಾರುಹೊಡೆದಿವೆ. ಕ್ಯಾಸೆಟ್ಟಿನಲ್ಲಿ ಕ್ರಿಸ್‌ಮಸ್ ಹಾಡು. ಕಿಟಕಿಯ ಕೆಳಗೆ ಅವನ ಹೆಂಡತಿ ಲೀನಾ ಕಟ್ಟಿದ ಗೋದಲಿ: ಹುಲ್ಲಿನ ಕೊಟ್ಟಿಗೆ, ಅದರೊಳಗೆ ಬಾಲಯೇಸು. ಬೆತ್ಲೆಹೇಮಿನಲ್ಲಿ ಎಲ್ಲಿಯ ಹಿಮವೋ, ಮಂಗಳೂರಿನವರಿಗಂತೂ ಮೇಲೆ ಹತ್ತಿಯ ಹಿಮ ಹರಡದೆ ಗೋದಲಿ ಮುಗಿಯದು.

ಬೆಳಿಗ್ಗೆ ಎದ್ದಾಗ ಆ ಹಿಮ ಬೂದುಬಣ್ಣಕ್ಕೆ ತಿರುಗಿತ್ತು. ಮರಳಿನ ಧೂಳಿರಬೇಕೆಂದು ಮುಟ್ಟಿದೆ. ಬೆರಳಿಗೆ ಮಸಿ ಮೆತ್ತಿತು.

“ಮರಳು ಬರುದು ಬೇಸಿಗೆಯಲ್ಲಿ. ಇದು ಡೀಸೆಲ್ ಹೊಗೆ ಮಾರಾಯ,” ಎಂದ ವಿಲ್ಫ್ರೆಡ್. “ಬಂದರಿನ ಲಾರಿ, ಹಡಗು, ಕೂಲಿಯವರ ಕ್ಯಾಂಪಿನ ಜನರೇಟರ್ ಎಲ್ಲ ವರ್ಷವಿಡೀ ಹೊಗೆ ಬಿಡ್ತವೆ. ಚಳಿಗೆ ಅದು ಮೇಲೆ ಹೋಗುದಿಲ್ಲ, ಇಲ್ಲೇ ಕೂತುಬಿಡ್ತದೆ.”

ಒಳಗಿನಿಂದ ಅವರ ಪುಟ್ಟ ಮಗಳ ಕೆಮ್ಮು ಕೇಳಿಸುತ್ತಿತ್ತು. ಪ್ರತಿ ಚಳಿಗಾಲವೂ ಅವಳಿಗೆ ಉಬ್ಬಸವಂತೆ. ಲೀನಾ ಅವಳನ್ನು ಎತ್ತಿಕೊಂಡು ಬಂದಳು.

“ಎ.ಸಿ. ಗಾಳಿಯಿಂದ್ಲೇ ಇವಳಿಗೆ ಹೀಗಾಗುದು. ಒಳ್ಳೆ ಗಾಳಿ ಸಿಗುದೇ ಈಗ ಅಲ್ವಾ?” ಎನ್ನುತ್ತ ಮಗಳ ಮುಖವನ್ನು ಕಿಟಕಿಗೆ ಒಡ್ಡಿದಳು. “ಜೋರಾಗಿ ಉಸಿರು ತಕ್ಕೋ ಮಗಾ.”

“ಓಕೆ ಮಮ್ಮಾ.”

ವಿಲ್ಫ್ರೆಡ್ ನನ್ನ ಬೆರಳನ್ನೇ ನೋಡುತ್ತಿದ್ದ. ಮಗು ಕಣ್ಣು ಮುಚ್ಚಿ, ಎದೆತುಂಬ ಉಸಿರೆಳೆದುಕೊಂಡಿತು.